ಹಳದಿ ಅಂಚಿನ ಮೆಟ್ಟಿಲು

ದೇವರ ಸನ್ನಿಧಿಗೆ ಹೋಗುವ ದಾರಿಯನ್ನು ಹಾಡಿ ಹೊಗಳಿದವರು ಬಹಳ ಮಂದಿ. ಗುರುವಿನ ಮನೆಗೆ ಹೋಗುವ ದಾರಿಯನ್ನು ಹಾಡಿದವರೂ ಇದ್ದಾರೆ. ಆದರೆ ಕೊಚ್ಚಿಯ ಕಲೂರಿನ ಒಂದು ಓಣಿಯಲ್ಲಿ, ಜುಬೈದಾ ಉಮ್ಮನವರ ಮನೆಯ ಹೊರಗೋಡೆಗೆ ಒರಗಿಕೊಂಡು ಮೇಲಿನ ಅಂತಸ್ತಿಗೆ ಏರುವ ಸಿಮೆಂಟಿನ ಮೆಟ್ಟಿಲನ್ನು ಈ ತನಕ ಯಾರೂ ಹಾಡಿಲ್ಲ. ಹಾಡುವಂಥದ್ದು ಅದರಲ್ಲಿ ಏನೂ ಇರಲಿಲ್ಲವೆನ್ನಿ. ಒಂದು ಕಾಲದಲ್ಲಿ ಅದಕ್ಕೆ ಕಾವಿ ಬಣ್ಣವಿತ್ತಂತೆ. ಈಗ ಅಂಚು ಯಾವುದು, ನಡು ಯಾವುದು ಎಂದು ತಿಳಿಯದಂತೆ ಇಡೀ ಮೆಟ್ಟಿಲು ಹಳೆಯ ದೋಸೆಕಾವಲಿಯ ಬಣ್ಣಕ್ಕೆ ಬಂದಿತ್ತು. ಮೇಲೆ ತಗಡಿನ ಮಾಡು ಇದ್ದುದರಿಂದ ಮಳೆ ಬೀಳುತ್ತಿರಲಿಲ್ಲ; ಬೆಳಕೂ ಬೀಳುತ್ತಿರಲಿಲ್ಲ.

ಮೇಲಿನ ಅಂತಸ್ತಿನಲ್ಲಿ ಬಾಡಿಗೆಗೆ ಇದ್ದವನು ಕಾಸರಗೋಡಿನ ಮಹೇಶ್ವರ. ಎರ್ನಾಕುಳಂನ ಒಂದು ವಕೀಲರ ಕಚೇರಿಯಲ್ಲಿ ಕನ್ನಡದ ದಸ್ತಾವೇಜುಗಳನ್ನು ಮಲಯಾಳಕ್ಕೂ ಇಂಗ್ಲಿಷಿಗೂ ತಿರುಗಿಸಿಕೊಡುವುದು ಅವನ ಉದ್ಯೋಗ. ದಿನವೂ ದೊಡ್ಡ ದೊಡ್ಡ ವಕೀಲರ ನಡುವೆ ಓಡಾಡುವವನಾದ್ದರಿಂದ ಅವನ ನಡಿಗೆಯಲ್ಲಿ ಕರಿಕೋಟಿನ ನೆರಳು ಸ್ವಲ್ಪ ಬಿದ್ದಿತ್ತು. ಓಣಿಯವರು ಅವನನ್ನು ‘ಸಾರೇ’ ಎಂದು ಕರೆಯುತ್ತಿದ್ದರು. ಅವನು ನಿಜವಾಗಿ ಏನು ಕೆಲಸ ಮಾಡುತ್ತಾನೆಂದು ಯಾರೂ ಕೇಳಿರಲಿಲ್ಲ; ಅವನೂ ಹೇಳಿರಲಿಲ್ಲ.

ಈ ಮೆಟ್ಟಿಲಿಗೆ ಒಮ್ಮೆ ಅವಮಾನವಾಯಿತು. ಅವಮಾನವಾದದ್ದು ಮೆಟ್ಟಿಲಿಗೋ ಮಹೇಶ್ವರನಿಗೋ ಎಂಬುದನ್ನು ಕೇಳುವವರೇ ತೀರ್ಮಾನಿಸಬೇಕು.

ಅವನ ಹೆಂಡತಿ ಶಂಕರಿಗೆ ಸುಬ್ರಾಯರೆಂಬ ಸೋದರಮಾವ. ಊರಲ್ಲಿ ಪದ್ಯ ಓದಿ ಅರ್ಥ ಹೇಳುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಶಂಕರಿ ಅವರ ಮಡಿಲಲ್ಲಿ ತಲೆಯಿಟ್ಟು ಷಟ್ಪದಿ ಕೇಳುತ್ತಲೇ ನಿದ್ದೆ ಹೋಗಿ ಬೆಳೆದವಳು. ವಯಸ್ಸಾದಂತೆ ಮಾವನ ಕಣ್ಣಿಗೆ ಮಂಜು ಕವಿಯಿತು. ಪುಸ್ತಕ ಬಿಟ್ಟುಹೋಯಿತು, ಪದ್ಯ ಬಿಡಲಿಲ್ಲ. ಎಲ್ಲ ಬಾಯಲ್ಲೇ ಇತ್ತು. ಹೋದ ವರ್ಷ ಕೊಚ್ಚಿಗೆ ಬಂದವರು ಈ ಮೆಟ್ಟಿಲಿನ ಬುಡದಲ್ಲಿ ನಿಂತು, ಕಾಲು ಎತ್ತಿ, ಎಲ್ಲಿಡಬೇಕೆಂದು ತಿಳಿಯದೆ, ಮತ್ತೆ ಇಳಿಸಿದರು.

“ಮೆಟ್ಟಿಲೆಲ್ಲಿ ಉಂಟು ಮಹೇಶ್ವರಾ? ನನಗೆ ಒಂದು ಕರಿ ಗುಡ್ಡೆ ಕಾಣ್ತದೆ, ಅಷ್ಟೆ.”

“ನಾವು ಎತ್ತಿಕೊಂಡು ಹೋಗ್ತೇವೆ ಮಾವ.”

“ಎತ್ತಿಕೊಂಡು ಹೋಗುವುದು ಉತ್ಸವಮೂರ್ತಿಯನ್ನು, ಇಲ್ಲದಿದ್ದರೆ ಹೆಣವನ್ನು. ನಾನು ಸದ್ಯಕ್ಕೆ ಎರಡೂ ಅಲ್ಲ” ಎಂದು ಅವರು ಜುಬೈದಾ ಉಮ್ಮನ ಜಗಲಿಯಲ್ಲೇ ಕೂತು, ಅವರು ಕೊಟ್ಟ ನಿಂಬೆಹಣ್ಣಿನ ಪಾನಕ ಕುಡಿದು, ಸಂಜೆಯ ರೈಲಿಗೆ ಹಿಂದೆ ಹೋದರು. ಮೇಲೆ ಹಾಸಿದ್ದ ಚಾಪೆ ಹಾಸಿದ್ದ ಹಾಗೇ ಇತ್ತು. ಶಂಕರಿ ಅದನ್ನು ಸುತ್ತಿಡುವಾಗ ಮಾತಾಡಲಿಲ್ಲ. ಅವಳು ಮಾತಾಡದಿದ್ದರೆ ಮಹೇಶ್ವರನಿಗೆ ಅನ್ನ ಇಳಿಯುವುದಿಲ್ಲ.

ಈ ವರ್ಷ ಮಾವ ಮತ್ತೆ ಬರುತ್ತಾರೆಂದು ಗೊತ್ತಾದಾಗ ಅವಳು ಹೇಳಿದ್ದು ಒಂದೇ ಮಾತು: “ಈ ಸಲವೂ ಅವರು ಕೆಳಗಿಂದಲೇ ಹೋದರೆ ಇನ್ನು ನಮ್ಮ ಮನೆಗೆ ಬರಲಿಕ್ಕಿಲ್ಲ.”

ಮಹೇಶ್ವರ ಮೆಟ್ಟಿಲಿಗೆ ಹೊಸ ಬಣ್ಣ ಬಳಿಯುವುದೆಂದು ಆ ಕ್ಷಣವೇ ಪ್ರತಿಜ್ಞೆ ಮಾಡಿದ.

ಈ ಪ್ರತಿಜ್ಞೆಗೆ ಇನ್ನೊಂದು ಬೇರು ತಿರುವನಂತಪುರದಲ್ಲಿತ್ತು. ಶಂಕರಿಯ ತಂಗಿಯ ಗಂಡ ಗಣೇಶಪ್ರಸಾದ್ ಅಲ್ಲಿ ರಾಕೆಟ್ ಹಾರಿಸುವ ಸಂಸ್ಥೆಯಲ್ಲಿ ವಿಜ್ಞಾನಿ. ಅವನು ತನ್ನ ಮನೆಯ ಮೆಟ್ಟಿಲನ್ನು ಹೊಸತು ಮಾಡಿಸಿದ್ದ: ಬುಡದಿಂದ ತುದಿಯವರೆಗೆ ಬೂದು ಬಣ್ಣ, ಒಂದು ಗೆರೆಯಿಲ್ಲ, ಒಂದು ಕಲೆಯಿಲ್ಲ. ಷಡ್ಡಕನ ಮನೆಗೆ ಹೋಗಿದ್ದ ಮಹೇಶ್ವರ ಕೈ ತೊಳೆಯುವ ನೆಪದಲ್ಲಿ ಆ ಮೆಟ್ಟಿಲನ್ನು ಪದೇ ಪದೇ ಹತ್ತಿ ಇಳಿದ. ಅಸೂಯೆ ಎನ್ನಬಾರದು, ಅಧ್ಯಯನ ಎನ್ನಬೇಕು. ಹೊರಡುವ ಮೊದಲು ಗಣೇಶಪ್ರಸಾದ್ ಅವನನ್ನು ಚಾಲೈ ಪೇಟೆಗೆ ಕರೆದುಕೊಂಡು ಹೋಗಿ ಒಳ್ಳೆಯ ಬ್ರಷ್ ಕೊಡಿಸಿದ. ಕೊಚ್ಚಿಗೆ ಮರಳಿದ ಮೇಲೆ ಫೋನಿನಲ್ಲಿ ಉಪದೇಶವೂ ಆಯಿತು.

“ಭಾವ, ಮೊದಲು ಚೆನ್ನಾಗಿ ತೊಳೆಯಿರಿ. ಪಾಚಿ ಕೆರೆಯಿರಿ. ಆಮೇಲೆ ಪ್ರೈಮರ್. ಅದು ಒಣಗದೆ ಪೇಂಟ್ ಮುಟ್ಟಬಾರದು. ಮತ್ತೆ, ಒಂದು ಬಿಟ್ಟು ಒಂದು ಮೆಟ್ಟಿಲಿಗೆ ಬಳಿಯಿರಿ. ಇಲ್ಲದಿದ್ದರೆ ನೀವು ಮೇಲೆ, ಅಕ್ಕ ಕೆಳಗೆ.”

“ಕೊಚ್ಚಿಯಲ್ಲಿ ಒಣಗ್ತದಾ ಅದು?”

“ಹವೆ ಸರಿ ಇಲ್ಲದಿದ್ದರೆ ನಾವು ಉಡಾವಣೆಯನ್ನೇ ಮುಂದೆ ಹಾಕ್ತೇವೆ ಭಾವ. ತಾಳ್ಮೆ ಬೇಕು.”

ಜುಬೈದಾ ಉಮ್ಮನ ಅಪ್ಪಣೆ ಪಡೆಯುವುದು ಅಷ್ಟು ಸುಲಭವಾಗಲಿಲ್ಲ. ಅವರ ಗಂಡ ಬದುಕಿದ್ದಾಗ ತಾನೇ ನಿಂತು ಕಟ್ಟಿಸಿದ ಮೆಟ್ಟಿಲು ಅದು. “ಇಕ್ಕ ಇಟ್ಟ ಬಣ್ಣ ಮೋನೇ” ಎಂದರು. ಗಂಡ ಅವರಿಗೆ ‘ಇಕ್ಕ’, ಮಹೇಶ್ವರ ‘ಮೋನ್’, ಅಂದರೆ ಮಗ. ಬಣ್ಣ ಹೋಗಿ ಯಾವ ಕಾಲವಾಯಿತೆಂದು ಮಹೇಶ್ವರ ಹೇಳಲಿಲ್ಲ. ಮಾವನ ಕಣ್ಣಿನ ವಿಚಾರ ಹೇಳಿದ. ಉಮ್ಮ ಸ್ವಲ್ಪ ಹೊತ್ತು ಮೆಟ್ಟಿಲನ್ನು ನೋಡಿದರು. “ಆ ಪಾಟ್ಟುಕಾರನ್ ಮಾಮ ಅಲ್ವಾ, ಪದ್ಯ ಹಾಡುವವರು? ಬಳಿಯಿರಿ. ಆದರೆ ಕೆಟ್ಟದಾಗಿ ಬಳಿದರೆ ನಿಮ್ಮನ್ನೇ ಗೋಡೆಗೆ ಬಳಿಯುತ್ತೇನೆ.”

ಹಾಗೆ ಮಹೇಶ್ವರ ಪಂಚೆ ಎತ್ತಿಕಟ್ಟಿ, ತಲೆಗೆ ತೋರ್ತು ಸುತ್ತಿ, ಚಾಲೈಯ ಬ್ರಷ್ಷನ್ನು ಹಿಡಿದು ರಂಗಕ್ಕಿಳಿದ. ತೊಳೆದ, ಕೆರೆದ, ಪ್ರೈಮರ್ ಹಚ್ಚಿದ. ಅದು ಒಣಗಿದ ಮೇಲೆ ಬೂದು ಬಣ್ಣ. ಗಣೇಶಪ್ರಸಾದನದೇ ಬಣ್ಣ, ಒಂದು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಒಂದು ಬಿಟ್ಟು ಒಂದು ಮೆಟ್ಟಿಲು ಹಸಿಯಾಗಿದ್ದುದರಿಂದ ಶಂಕರಿ ತರಕಾರಿ ಚೀಲ ಹಿಡಿದು, ಸೀರೆಯ ನೆರಿಗೆ ಎತ್ತಿ, ದಾಟುಗಾಲು ಹಾಕುತ್ತ ಏರುವುದನ್ನು ಎದುರು ಮನೆಯ ರಾಜಲಕ್ಷ್ಮಿ ಟೀಚರ್ ಕಿಟಕಿಯಿಂದ ನೋಡಿದರು. ನೋಡಿ, ಗೇಟಿನ ತನಕ ಬಂದರು.

ರಾಜಲಕ್ಷ್ಮಿ ಟೀಚರ್ ನಿವೃತ್ತರಾದರೂ ಅವರ ತರ್ಕ ನಿವೃತ್ತವಾಗಿರಲಿಲ್ಲ. ಅವರ ಅನುಭವದಲ್ಲಿ ಶಾಲೆಯ ಗೋಡೆಗೆ ಬಣ್ಣ ಬೀಳುತ್ತಿದ್ದುದು ದೊಡ್ಡವರು ತಪಾಸಣೆಗೆ ಬರುವಾಗ ಮಾತ್ರ. ಅದರಲ್ಲೂ ಬಾಡಿಗೆಗೆ ಇರುವವನು, ವಕೀಲರ ಕಚೇರಿಯವನು, ರಜೆ ಹಾಕಿ, ಇನ್ನೊಬ್ಬರ ಮೆಟ್ಟಿಲಿಗೆ ತಾನೇ ಬಣ್ಣ ಬಳಿಯಬೇಕಾದರೆ ಬರುವವರು ಎಂಥವರಿರಬೇಡ!

“ಆರಾ ಸಾರೇ ವರುನ್ನೆ?” ಎಂದು ಮೆಲ್ಲಗೆ ಕೇಳಿದರು. ಯಾರು ಬರುವುದು?

ಮಹೇಶ್ವರ ಆಗ ಹೇಳಬೇಕಾಗಿದ್ದುದು ಇಷ್ಟೆ: ನನ್ನ ಹೆಂಡತಿಯ ಸೋದರಮಾವ. ಆದರೆ ಟೀಚರ್ ಕಣ್ಣಲ್ಲಿ ಅಷ್ಟೊಂದು ಗೌರವ ತುಂಬಿಕೊಂಡು ಕೇಳಿದ್ದು ಇದೇ ಮೊದಲು. ಅವನು ಏನೂ ಹೇಳಲಿಲ್ಲ. ಬ್ರಷ್ಷನ್ನು ಡಬ್ಬಿಯ ಅಂಚಿಗೆ ಒರೆಸಿ, ಗಂಭೀರವಾಗಿ ಮುಗುಳ್ನಕ್ಕ.

ಸುಳ್ಳು ಹೇಳದೆಯೂ ಸುಳ್ಳಾಗುವ ನಗೆ ಅದು. ಸಂಜೆಯ ಹೊತ್ತಿಗೆ ಓಣಿಗೆಲ್ಲ ಸುದ್ದಿಯಾಗಿತ್ತು: ಮಹೇಶ್ವರನ್ ಸಾರ್ ಮನೆಗೆ ಒಬ್ಬರು ಜಡ್ಜ್ ಬರುತ್ತಾರೆ.

ಮನೆಯೊಳಗೆ ಬೇರೊಂದು ತೀರ್ಪು ಕಾದಿತ್ತು. ಎಲ್ಲ ಮೆಟ್ಟಿಲೂ ಬೂದುಬಣ್ಣವಾಗಿ ಮುಗಿದ ಮೇಲೆ ಶಂಕರಿಯನ್ನು ಕೆಳಗೆ ಕರೆದು ನಿಲ್ಲಿಸಿ ಮಹೇಶ್ವರ ಕೈಕಟ್ಟಿ ನಿಂತ. ಅವಳು ಕಣ್ಣನ್ನು ಅರ್ಧ ಮುಚ್ಚಿ, ಮಾವ ನೋಡುವ ಹಾಗೆ ನೋಡಿದಳು.

“ಚಂದ ಆಗಿದೆ. ತಂಗಿಯ ಮನೆಯ ಹಾಗೇ ಉಂಟು.”

“ಮತ್ತೆ!”

“ಮೊದಲು ಕರಿ ಗುಡ್ಡೆ ಇತ್ತು. ಈಗ ಬೂದಿ ಗುಡ್ಡೆ.”

ಮಹೇಶ್ವರ ತಾನೂ ಕಣ್ಣು ಅರ್ಧ ಮುಚ್ಚಿ ನೋಡಿದ. ಮೆಟ್ಟಿಲು ಮಾಯವಾಗಿತ್ತು.

“ಸೀರೆಗೆ ಅಂಚಿಲ್ಲದಿದ್ದರೆ ಎಲ್ಲಿ ಮುಗೀತದೆ ಅಂತ ಹೇಗೆ ಗೊತ್ತಾಗಬೇಕು ಮಾರಾಯ್ರೇ? ಒಂದೊಂದು ಮೆಟ್ಟಿಲಿಗೂ ಅಂಚು ಬೇಕು. ಕೆನೆಬಣ್ಣ ತನ್ನಿ, ಹಿತವಾಗಿರ್ತದೆ.”

ಅವನು ಬಸ್‌ಸ್ಟ್ಯಾಂಡಿನ ಬಳಿಯ ಬಣ್ಣದಂಗಡಿಗೆ ಓಡಿದ. ಅಂಗಡಿಯ ದೀಪದ ಕೆಳಗೆ ಕೆನೆಯಂತೆಯೇ ಕಂಡ ಬಣ್ಣವನ್ನು ತಂದ. ಮರುದಿನ ಬೆಳಿಗ್ಗೆ ಬಳಿದು ನೋಡಿದರೆ ಅದು ಕೆನೆಯಲ್ಲ, ಹಳದಿ. ಅರಿಶಿನದ ಹಳದಿಯೂ ಅಲ್ಲ. ರಸ್ತೆಯ ನಡುವಿನ ಕಟ್ಟೆಗೆ ಬಳಿಯುವ, ಲಾರಿಯವನು ದೂರದಿಂದಲೇ ಬ್ರೇಕ್ ಹಾಕುವ ಹಳದಿ.

“ಇದೆಂತ ಮಾಡಿದ್ದು ನೀವು! ಇದು ಮನೆಯಾ, ಬಸ್‌ಸ್ಟ್ಯಾಂಡಾ?”

“ಒಣಗಿದ ಮೇಲೆ ತಿಳಿಯಾಗ್ತದೆ” ಎಂದ ಮಹೇಶ್ವರ. ಒಣಗಿದ ಮೇಲೆ ಅದು ಇನ್ನೂ ಉರಿಯಿತು. ಅದರ ಮೇಲೆ ಬೇರೆ ಬಣ್ಣ ಬಳಿದು ಒಣಗಿಸಲು ಸಮಯವಿರಲಿಲ್ಲ. ಮಾವ ಆಗಲೇ ರೈಲು ಹತ್ತುವ ಸಿದ್ಧತೆಯಲ್ಲಿದ್ದರು.

ಆ ಹಳದಿಯನ್ನು ಕಂಡು ನಿಂತುಬಿಟ್ಟವನು ಅಜಿತ್. ಓಣಿಯ ನಿವಾಸಿಗಳ ಸಂಘಕ್ಕೆ ಕಾರ್ಯದರ್ಶಿ. ಅವನು ಬೈಕನ್ನು ಬದಿಗೆ ನಿಲ್ಲಿಸಿ, ಹೆಲ್ಮೆಟ್ ತೆಗೆದು, ಹಿಂದೆ ಮುಂದೆ ನೋಡಿ, ದನಿ ಇಳಿಸಿದ.

“ಸೆಕ್ಯೂರಿಟಿಯವರು ಹೇಳಿದ್ದಾ ಸಾರ್? ಈ ಹಳದಿ ಗುರುತು?”

“ಅಯ್ಯೋ ಅಜಿತ್, ಎಂಥ ಸೆಕ್ಯೂರಿಟಿ? ಬರುವವರು ನಮ್ಮ ಮಾವ.”

ಅಜಿತ್‌ನ ಬಾಯಿ ತೆರೆದಲ್ಲೇ ನಿಂತಿತು. “ಜಡ್ಜ್ ನಿಮ್ಮ ಸ್ವಂತ ಅಮ್ಮಾವನಾ!”

“ಜಡ್ಜೂ ಇಲ್ಲ, ಗಿಡ್ಜೂ ಇಲ್ಲ! ಪದ್ಯ ಹೇಳುವವರು ಅವರು.”

“ಗೊತ್ತಾಯಿತು ಸಾರ್. ಪ್ರೋಟೋಕಾಲ್. ನೀವು ಹೇಳಬಾರದು, ನಾನು ಕೇಳಬಾರದು.” ಅಜಿತ್ ಎದೆಯ ಮೇಲೆ ಕೈಯಿಟ್ಟ. “ನೀವು ಹೇಳಲಿಲ್ಲ. ನಾನು ಕೇಳಲಿಲ್ಲ. ಉಳಿದದ್ದು ನನಗೆ ಬಿಡಿ.”

ನಿಜ ಹೇಳಿದರೆ ವಿನಯ ಎಂದುಕೊಳ್ಳುವ ಜನರ ಎದುರಿಗೆ ಮನುಷ್ಯ ಏನು ಮಾಡಬೇಕು? ಓಣಿಯ ಮೋರಿಯ ಮೇಲಿನ ಮುರಿದ ಹಾಸುಕಲ್ಲು, ಯಾರು ಹಾಕಿಸಬೇಕೆಂಬ ಜಗಳದಲ್ಲೇ ಸಂಘದ ಸಭೆಗಳನ್ನೆಲ್ಲ ನುಂಗಿದ ಆ ಕಲ್ಲು, ಒಂದೇ ಮಧ್ಯಾಹ್ನ ಬದಲಾಯಿತು. ಸತ್ತುಹೋದ ದೀಪಕ್ಕೆ ಜೀವ ಬಂತು. ಗೋಡೆಯ ಬದಿಯಲ್ಲಿ ಮಲಗುತ್ತಿದ್ದ ನಾಯಿಗಳನ್ನು ಟೀಚರ್ ತಮ್ಮ ಅಂಗಳಕ್ಕೆ ಕರೆದು ಅನ್ನ ಹಾಕಿ ಕೂರಿಸಿದರು. ಓಣಿಯ ಬಾಯಿಗೆ ಸ್ವಾಗತದ ಬಟ್ಟೆ ಏರಿತು. ಜುಬೈದಾ ಉಮ್ಮ ಸೊಂಟಕ್ಕೆ ಕೈಕೊಟ್ಟು ಮೇಲೆ ನೋಡಿ ಕೂಗಿದರು:

“ಮೋನೇ! ನನ್ನ ಹತ್ತಿರ ಪಾಟ್ಟುಕಾರನ್ ಅಂತ ಹೇಳಿ, ಊರಿಗೆಲ್ಲ ಜಡ್ಜ್ ಅಂತ ಹೇಳಿದ್ದೀರಾ?”

“ನಾನು ಯಾರಿಗೂ ಏನೂ ಹೇಳಲಿಲ್ಲ ಉಮ್ಮಾ!”

“ಅದೇ ತಪ್ಪು” ಎಂದು ಅವರು ಹಳೆ ಬಟ್ಟೆ ತಗೊಂಡು ಮೆಟ್ಟಿಲಿನ ಬದಿಯ ಕಬ್ಬಿಣದ ಕೈಹಿಡಿಯನ್ನು ಉಜ್ಜತೊಡಗಿದರು. “ಯಾರಾದರೇನು. ಇಕ್ಕ ಕಟ್ಟಿಸಿದ ಮೆಟ್ಟಿಲು ಹತ್ತಲಿಕ್ಕೆ ಬರ್ತಿದ್ದಾರಲ್ಲ.”

ಆಗ ಮಹೇಶ್ವರನಿಗೆ ನಿಜವಾದ ಭಯ ಹುಟ್ಟಿತು. ಹೋದ ವರ್ಷ ಮಾವ ಮೆಟ್ಟಿಲ ಬುಡದಲ್ಲಿ ಕಾಲು ಎತ್ತಿ ಇಳಿಸಿದ್ದನ್ನು ನೋಡಿದವರು ಮನೆಯವರಷ್ಟೇ. ಈ ಸಲ ಓಣಿಗೆ ಓಣಿಯೇ ಹಾರ ಹಿಡಿದು ನಿಂತಿರುತ್ತದೆ. ಅಷ್ಟು ಜನರ ಎದುರಿಗೆ ಆ ಮುದುಕ ಮತ್ತೊಮ್ಮೆ ಕಾಲು ಇಳಿಸಬೇಕಾದರೆ?

ಮಾವ ಬಂದ ದಿನ ಮಹೇಶ್ವರ ಆಲುವದಲ್ಲಿ ಅವರನ್ನು ರೈಲಿನಿಂದ ಇಳಿಸಿಕೊಂಡು ಮೆಟ್ರೋ ಹತ್ತಿಸಿದ. ಮೆಟ್ರೋ ಅವರಿಗೆ ಹೊಸತು. ಪ್ಲಾಟ್‌ಫಾರ್ಮಿನ ತುದಿಯಲ್ಲಿ ನಿಂತು ಕೊಡೆಯ ತುದಿಯಿಂದ ನೆಲವನ್ನು ತಟ್ಟಿ, “ಇಲ್ಲಿ ಒಂದು ಹಳದಿ ಗೆರೆ ಉಂಟಲ್ಲ, ಯಾರೋ ಪುಣ್ಯಾತ್ಮ ನನಗಾಗಿಯೇ ಎಳೆದ ಹಾಗುಂಟು” ಎಂದರು. ಮಹೇಶ್ವರ ಆ ಮಾತಿಗೆ ಕಿವಿಗೊಡಲಿಲ್ಲ. ಅವನ ಕಿವಿಯ ತುಂಬ ಅಜಿತ್‌ನ ಸ್ವಾಗತದ ಗದ್ದಲವಿತ್ತು.

ಕಲೂರಿನಲ್ಲಿ ಇಳಿದು ಆಟೋ ಹಿಡಿದರೆ, ಓಣಿಯ ಬಾಯಲ್ಲಿ ಹಗ್ಗ. ಸಂಘದ ಒಬ್ಬ ಸ್ವಯಂಸೇವಕ ಕೈ ಅಡ್ಡ ಹಿಡಿದ.

“ಒಳಗೆ ವಾಹನ ಬಿಡುವುದಿಲ್ಲ. ವಿಐಪಿ ಬರ್ತಾರೆ.”

“ಯಾರೋ ದೊಡ್ಡವರು ಬರ್ತಾರಂತೆ ಮಹೇಶ್ವರಾ” ಎಂದರು ಮಾವ, ಕೊಡೆ ಸಾವರಿಸಿಕೊಂಡು ಇಳಿಯುತ್ತ. “ನಾವು ಬದಿಯಲ್ಲಿ ಹೋಗುವ. ಅವರಿಗೆ ತೊಂದರೆ ಆಗುವುದು ಬೇಡ.”

ಹೀಗೆ, ತಮಗಾಗಿ ಗುಡಿಸಿದ ಓಣಿಯ ಒಂದು ಬದಿಯಲ್ಲಿ, ತಮಗಾಗಿ ಕಟ್ಟಿದ ಬಟ್ಟೆಯ ಕೆಳಗೆ, ತಮಗಾಗಿ ಹಾಕಿದ ಹೊಸ ಹಾಸುಕಲ್ಲಿನ ಮೇಲೆ ಸುಬ್ರಾಯರು ಸಂಕೋಚದಿಂದ ನಡೆದು ಬಂದರು. ಎಲ್ಲರೂ ಅವರ ತಲೆಯ ಮೇಲಿಂದ ಕಾರಿಗಾಗಿ ನೋಡುತ್ತಿದ್ದರು.

“ಸಾರೇ, ಕಾರೆಲ್ಲಿ?” ಎಂದ ಅಜಿತ್. ಅವನ ಒಂದು ಕೈಯಲ್ಲಿ ಚೆಂಡುಹೂವಿನ ಹಾರ, ಇನ್ನೊಂದರಲ್ಲಿ ಸಂಘದ ಮನವಿಪತ್ರ.

“ಇವರೇ” ಎಂದ ಮಹೇಶ್ವರ.

ಓಣಿ ನೋಡಿತು. ಮಾಸಿದ ಶಲ್ಯ, ಬಟ್ಟೆಯ ಚೀಲ, ಹಿಡಿ ಬಾಗಿದ ಕೊಡೆ.

“ಜಡ್ಜ್ ಅಲ್ವಾ?” ಅಜಿತ್ ತಿರುಗಿ ಟೀಚರನ್ನು ನೋಡಿದ.

“ಜಡ್ಜ್ ಅಂತ ನಾನು ಯಾವಾಗ ಹೇಳಿದ್ದೆ?” ಎಂದರು ಟೀಚರ್. “ದೊಡ್ಡವರು ಅಂತ ಊಹಿಸಿದ್ದೆ, ಅಷ್ಟೆ.”

ಮಾವ ಈ ಯಾವುದನ್ನೂ ಗಮನಿಸದೆ ಮೆಟ್ಟಿಲ ಬುಡಕ್ಕೆ ಬಂದು ಚಪ್ಪಲಿ ಕಳಚಿದರು. ಮೇಲೆ ಬಾಗಿಲಲ್ಲಿ ಶಂಕರಿ ಸೆರಗನ್ನು ಬಾಯಿಗೆ ಒತ್ತಿ ನಿಂತಿದ್ದಳು. ಮಹೇಶ್ವರ ತೋಳು ಚಾಚಿದ. ಅವರು ಅದನ್ನು ಪಕ್ಕಕ್ಕೆ ಸರಿಸಿ, ಕತ್ತು ಮುಂದೆ ಮಾಡಿ ನೋಡಿದರು. ಎಷ್ಟೋ ಹೊತ್ತು ನೋಡಿದರು.

“ಮಹೇಶ್ವರಾ.”

“ಮಾವ.”

“ಇಲ್ಲಿಗೂ ಮೆಟ್ರೋ ಬಂತಾ?”

ಎಂದವರೇ ಕಾಲೆತ್ತಿ ಮೊದಲ ಹಳದಿ ಗೆರೆಯ ಆಚೆಗೆ ಇಟ್ಟರು. ಅದು ಸರಿಯಾಗಿ ನಿಂತಿತು. ಇನ್ನೊಂದು ಕಾಲು. ಅದೂ ನಿಂತಿತು. ಮತ್ತೆ ಅವರು ಮೆಟ್ಟಿಲನ್ನು ನೋಡಲೇ ಇಲ್ಲವೆನ್ನಬೇಕು. ಒಂದು ಪದ್ಯವನ್ನು ಗುನುಗುತ್ತ, ಅದರ ಗತಿಗೆ ಹೆಜ್ಜೆ ಹಾಕುತ್ತ, ಉಮ್ಮ ಉಜ್ಜಿ ಬೆಳಗಿದ ಕೈಹಿಡಿಯನ್ನು ಬೆರಳ ತುದಿಯಿಂದ ತಾಳದಂತೆ ತಟ್ಟುತ್ತ ಏರಿದರು. ತುದಿಗೆ ತಲುಪಿ ಇನ್ನೊಂದು ಮೆಟ್ಟಿಲಿಗೆಂದು ಕಾಲೆತ್ತಿದವರು ಬರಿಗಾಳಿಯನ್ನು ತುಳಿದು ನಿಂತರು.

“ಮುಗಿಯಿತಾ?”

“ಮುಗಿಯಿತು ಮಾವ” ಎಂದಳು ಶಂಕರಿ.

“ಛೆ! ಇನ್ನೊಂದೆರಡು ಇದ್ದಿದ್ದರೆ ಪದ್ಯ ಮುಗೀತಿತ್ತು.”

ಮೊದಲು ಕೈ ತಟ್ಟಿದವರು ಜುಬೈದಾ ಉಮ್ಮ. ಮತ್ತೆ ಓಣಿಯೆಲ್ಲ ತಟ್ಟಿತು. ಅಜಿತ್ ಮಾತ್ರ ಹಾರವನ್ನೂ ಮನವಿಯನ್ನೂ ಹಿಡಿದು, ಯಾವುದನ್ನು ಎಲ್ಲಿಡಬೇಕೆಂದು ತಿಳಿಯದೆ, ಜನರೊಂದಿಗೆ ತಾನೂ ಮೆಟ್ಟಿಲು ಹತ್ತಿದ.

ಆ ಸಂಜೆ ಶಂಕರಿ ಹಾಸಿದ ಚಾಪೆ ಸಾಲಲಿಲ್ಲ. ಜನ ಬಾಗಿಲಾಚೆ ಮೆಟ್ಟಿಲಿನ ಮೇಲೂ ಕೂತರು, ಹಳದಿ ಅಂಚನ್ನು ತುಳಿಯದೆ, ಅದು ಏನೋ ಪೂಜೆಯ ಗೆರೆ ಎಂಬ ಹಾಗೆ. ಮಾವ ಕಣ್ಣು ಮುಚ್ಚಿ ಪದ್ಯ ಎತ್ತಿದರು. ಭಾಷೆ ತಿಳಿದವರು ಇಬ್ಬರೇ. ಆದರೂ ಯುದ್ಧ ಎಲ್ಲಿ ಬಂತು, ಅಳು ಎಲ್ಲಿ ಬಂತು ಎಂದು ಯಾರಿಗೂ ಹೇಳಬೇಕಾಗಲಿಲ್ಲ. ಟೀಚರ್ ಕನ್ನಡಕ ತೆಗೆದು ಒರೆಸಿಕೊಂಡರು. ಕೇಳುವುದಕ್ಕೆ ಬೇಕಾದದ್ದು ಕಿವಿಗಿಂತ ಹೆಚ್ಚಾಗಿ ಕೂರುವ ತಾಳ್ಮೆ. ಕಲೂರಿನ ಆ ಓಣಿಗೆ ಅದು ಅಂದು ಎಲ್ಲಿಂದಲೋ ಒದಗಿಬಂತು.

ನಿಲ್ಲಿಸಿದ ಮೇಲೆ ಮಾವ, “ಆ ಹುಡುಗ ಕೈಯಲ್ಲೊಂದು ಕಾಗದ ಹಿಡಿದು ಚಡಪಡಿಸುವುದು ಕೇಳ್ತದೆ. ಎಂತ ಅದು?” ಎಂದರು.

ಮಹೇಶ್ವರ ಎಲ್ಲವನ್ನೂ ಹೇಳಿದ. ಬಣ್ಣ, ನಗೆ, ಜಡ್ಜು, ಹಾರ, ಹಗ್ಗ. ಹೇಳಿ ತಲೆತಗ್ಗಿಸಿದ. ಸುಬ್ರಾಯರು ಹೊಟ್ಟೆ ಹಿಡಿದು ನಕ್ಕರು. ಆಮೇಲೆ, “ನನಗಾಗಿ ಬರೆದದ್ದಾದರೆ ನಾನು ವಿಚಾರಣೆ ಮಾಡಲೇಬೇಕು. ಓದು” ಎಂದರು. ಅಜಿತ್ ಮಲಯಾಳದಲ್ಲಿ ಓದಿದ, ಮಹೇಶ್ವರ ಕನ್ನಡಕ್ಕೆ ತಿರುಗಿಸಿದ. ಓಣಿಯಲ್ಲಿ ಸೊಳ್ಳೆಯ ಕಾಟ ವಿಪರೀತವಾಗಿದೆ, ಸಂಜೆಯಾದರೆ ಕೂರಲಾಗುವುದಿಲ್ಲ, ಮಹನೀಯರು ದಯವಿಟ್ಟು ಪರಿಹಾರ ಒದಗಿಸಬೇಕು.

ಮಾವ ಸ್ವಲ್ಪ ಹೊತ್ತು ತೊಡೆಯ ಮೇಲೆ ಬೆರಳಾಡಿಸಿದರು. ಮತ್ತೆ ರಾಜಸಭೆಯಲ್ಲಿ ಕೂತವರಂತೆ ನೆಟ್ಟಗಾಗಿ, ಕಾಂಬೋದಿ ರಾಗದಲ್ಲಿ ಎತ್ತಿದರು:

ಸಂಜೆಯಾಗಲು ಮೊಳಗಿ ಕೊಂಬನು
ನಂಜು ಸೂಜಿಯ ಹಿಡಿದು ಬರುತಿಹ
ಅಂಜದೀ ಸೊಳ್ಳೆಗಳ ದಂಡಿಗೆ ಕೇರಿ ನಡುಗಿದುದು
ಮಂಜುಗಣ್ಣಿನ ಮುದುಕನೆನ್ನನು
ಭಂಜಿಸುವ ದೊರೆಯೆಂದು ಬಗೆದಿರಿ
ಪಂಜು ಸಾಲದು ಹೊಗೆಯ ಹಾಕಿರಿ ಬಲೆಯೊಳೊರಗುವುದು

ಮಹೇಶ್ವರ ಒಂದೊಂದೇ ಸಾಲನ್ನು ಮಲಯಾಳಕ್ಕೆ ತಿರುಗಿಸುತ್ತ ಹೋದಂತೆ ನಗೆ ಬಾಗಿಲಿಂದ ಮೆಟ್ಟಿಲಿಗೆ, ಮೆಟ್ಟಿಲಿಂದ ಮೆಟ್ಟಿಲಿಗೆ ಇಳಿದು ಓಣಿಯನ್ನು ಮುಟ್ಟಿತು. ಇಷ್ಟು ವರ್ಷ ಅವನು ತಿರುಗಿಸಿದ ಯಾವ ದಸ್ತಾವೇಜಿಗೂ ಯಾರೂ ಹಾಗೆ ನಕ್ಕದ್ದಿಲ್ಲ, ಅಷ್ಟು ಪ್ರೀತಿಯಿಂದ ಅವನ ಮುಖ ನೋಡಿದ್ದೂ ಇಲ್ಲ. ಅಜಿತ್ ಎದ್ದು ಹಾರವನ್ನು ಮಾವನ ಕೊರಳಿಗೆ ಹಾಕಿದ.

“ಸೊಳ್ಳೆಯ ಕೇಸಿನಲ್ಲಿ ಇಷ್ಟು ಬೇಗ ತೀರ್ಪು ಯಾವ ಜಡ್ಜೂ ಕೊಟ್ಟಿಲ್ಲ ಸಾರೇ!”

ಮಾವ ನಾಲ್ಕು ದಿನ ಇದ್ದರು. ದಿನವೂ ಬೇಕೆಂದೇ ಹತ್ತಿ ಇಳಿದರು. ಜುಬೈದಾ ಉಮ್ಮನಿಗೆ ಆ ಹಳದಿ ಎಷ್ಟು ಹಿಡಿಸಿತೆಂದರೆ ತಮ್ಮ ಹೊಸ್ತಿಲಿಗೂ ಬಳಿಸಿಕೊಂಡರು. ಟೀಚರ್, ಅಜಿತ್, ಒಬ್ಬೊಬ್ಬರಾಗಿ ಬಂದು ಡಬ್ಬಿಯಲ್ಲಿ ಉಳಿದದ್ದನ್ನು ಕೇಳಿಕೊಂಡು ಹೋದರು. ಡಬ್ಬಿ ಖಾಲಿಯಾಯಿತು. ಬಣ್ಣದ ಹೆಸರಿದ್ದ ಚೀಟಿ ಅದರ ಹೊರಮೈಯಲ್ಲಿ ಸುರಿದ ಬಣ್ಣದಲ್ಲೇ ಮುಚ್ಚಿಹೋಗಿತ್ತು.

ಮಾವ ಮುಂದಕ್ಕೆ ತಿರುವನಂತಪುರಕ್ಕೆ ಹೋದ ಸಂಜೆಯೇ ಗಣೇಶಪ್ರಸಾದನ ಫೋನ್ ಬಂತು. ರಾಕೆಟ್ ಹಾರಿಸುವವನ ದನಿ ನೆಲದ ಮೇಲಿತ್ತು.

“ಭಾವ, ಮಾವ ನಮ್ಮ ಮೆಟ್ಟಿಲಿನ ಬುಡದಲ್ಲಿ ಕೂತಿದ್ದಾರೆ. ಬೂದಿ ಗುಡ್ಡೆ ಹತ್ತುವುದಿಲ್ಲ ಅಂತಿದ್ದಾರೆ. ಮಹೇಶ್ವರನ ಬಣ್ಣವೇ ಆಗಬೇಕಂತೆ. ಎಂತ ಬಣ್ಣ ಭಾವ ಅದು? ಹೇಗೆ ಆರಿಸಿದಿರಿ?”

ಮಹೇಶ್ವರ ಏನೂ ಹೇಳಲಿಲ್ಲ. ತನ್ನ ಮೆಟ್ಟಿಲಿನ ತುದಿಯಲ್ಲಿ ನಿಂತು, ಕೆಳಗಿನ ತನಕ ಸಾಲಾಗಿ ಉರಿಯುವ ಹಳದಿಯನ್ನು ನೋಡಿ, ಗಂಭೀರವಾಗಿ ಮುಗುಳ್ನಕ್ಕ.

“ಹಲೋ? ಭಾವ? ಕೇಳ್ತಾ ಉಂಟಾ?”

ಶಂಕರಿ ಹಿಂದಿನಿಂದ ಬಂದು ಅವನ ಕೈಯಿಂದ ಫೋನ್ ಕಿತ್ತುಕೊಂಡಳು.

“ಗಣೇಶಾ, ಅವರು ನಗ್ತಾ ನಿಂತಿದ್ದಾರೆ. ಬೇಗ ನಾನೇ ಹೇಳಿಬಿಡ್ತೇನೆ. ಇಲ್ಲದಿದ್ದರೆ ನಿಮ್ಮ ಬೀದಿಯವರೂ ಹಗ್ಗ ಕಟ್ಟಿಯಾರು. ಕಲೂರಿನ ಬಣ್ಣದಂಗಡಿಗೆ ಬಾ, ಕೆನೆಬಣ್ಣ ಕೇಳು. ಅವರು ಕೊಟ್ಟದ್ದನ್ನು ತಗೊಂಡು ಹೋಗು.”